ರಕ್ಷಣಾ ಕಾರ್ಖಾನೆಗಳ ನೌಕರರು ಕಂಪನಿಗೆ ಸೇರಲು ಒಪ್ಪದಿರುವುದು ಹಠವೇ, ನ್ಯಾಯವೇ?

ಧಾರವಾಡ_ನಿವೃತ್ತ

ನನ್ನ ತಮ್ಮ ಮಹಾರಾಷ್ಟ್ರದ ಒಂದು ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಕುಶಲ ಕಾರ್ಮಿಕನಾಗಿದ್ದಾನೆ. ಕೆಲಸಕ್ಕೆ ಸೇರಿದ್ದು ಕೇಂದ್ರ ಸರ್ಕಾರದ ನೌಕರನಾಗಿ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ವಿಸರ್ಜಿಸಿ ಅದರ 41 ಕಾರ್ಖಾನೆಗಳನ್ನು ಏಳು ಸರ್ಕಾರಿ ಕಂಪನಿಗಳಿಗೆ ಹಂಚಿದಾಗ, ಸುಮಾರು 70,000 ನೌಕರರ ಜೊತೆಗೆ ಅವನೂ ಒಂದೇ ಆದೇಶದಲ್ಲಿ ಕಂಪನಿಯ ‘ಡೀಮ್ಡ್ ಡೆಪ್ಯುಟೇಶನ್’ಗೆ, ಅಂದರೆ ಸರ್ಕಾರಿ ನೌಕರನಾಗಿಯೇ ಉಳಿದು ಕಂಪನಿಗೆ ಎರವಲು ಸೇವೆಗೆ, ಹೋದ. ಯಂತ್ರ ಅದೇ, ಶೆಡ್ಡು ಅದೇ, ಗೇಟಿನ ಬೋರ್ಡು ಮಾತ್ರ ಬದಲಾಯಿತು. ಮೊದಲು ಎರಡು ವರ್ಷಕ್ಕೆಂದಿದ್ದ ಈ ವ್ಯವಸ್ಥೆಯ ಅವಧಿಯನ್ನು ಆಮೇಲೂ ವಿಸ್ತರಿಸಿದ್ದಾರೆ. ಕಂಪನಿಗೆ ಖಾಯಂ ಆಗಿ ಸೇರುವ ಆಯ್ಕೆಪತ್ರ ಎಂದಾದರೂ ಕೈಗೆ ಬಂದೇ ಬರುತ್ತದೆ ಎಂಬ ಆತಂಕ ಅವರ ಕಾಲೊನಿಯಲ್ಲಿ ಮನೆಮನೆಯಲ್ಲೂ ಇದೆಯಂತೆ.

ಎಡಪಂಥೀಯ ಎಐಡಿಇಎಫ್, ಇಂಟಕ್ ಕಡೆಯ ಐಎನ್‌ಡಿಡಬ್ಲ್ಯುಎಫ್, ಸಂಘ ಪರಿವಾರದ ಬಿಪಿಎಂಎಸ್ ಮೂರೂ ಒಕ್ಕೂಟಗಳು ಇದನ್ನು ವಿರೋಧಿಸಿದವು. ಬೇರೆ ಯಾವ ವಿಷಯದಲ್ಲೂ ಒಂದೇ ಜಮಖಾನೆಯ ಮೇಲೆ ಕೂರದವರು ಇಲ್ಲಿ ಒಟ್ಟಿಗೆ ಕೂತರು. ಸಂಬಳ ಕಡಿತವಾಗಿಲ್ಲ, ಪಿಂಚಣಿಯ ಹೊಣೆ ಸರ್ಕಾರದ್ದೇ ಎಂದು ಬರೆದುಕೊಟ್ಟಿದ್ದಾರೆ. ಹಾಗಿದ್ದ ಮೇಲೆ ಇಷ್ಟು ಪ್ರತಿರೋಧ ಏಕೆ? ತಮ್ಮನನ್ನು ಕೇಳಿದರೆ ಸಿಟ್ಟಿನಲ್ಲಿ ಉತ್ತರ ಕೊಡುತ್ತಾನೆ. ವಿಷಯ ಬಲ್ಲವರು ಸಮಾಧಾನದಿಂದ ತಿಳಿಸಿದರೆ ಉಪಕಾರವಾಗುತ್ತದೆ.

ಮಾಜಿ_ಸುಬೇದಾರ್

ಸಮಾಧಾನದಿಂದಲೇ ಹೇಳುತ್ತೇನೆ, ಆದರೆ ಸಿಹಿಯಾಗಿ ಹೇಳಲಾರೆ. ಆ ಕಾರ್ಖಾನೆಗಳಿಗೆ ಗಿರಾಕಿ ನಾವು, ಅಂದರೆ ಸೇನೆ. ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ನಮಗಿರಲಿಲ್ಲ. ಬೋರ್ಡು ಕೊಟ್ಟ ಬೆಲೆಗೆ, ಕೊಟ್ಟ ಕಾಲಕ್ಕೆ, ಕೊಟ್ಟ ಮಾಲನ್ನು ತೆಗೆದುಕೊಳ್ಳಬೇಕಿತ್ತು. 2014ರಿಂದ 2020ರವರೆಗೆ ದೋಷಯುಕ್ತ ಮದ್ದುಗುಂಡಿನಿಂದ ₹960 ಕೋಟಿ ನಷ್ಟವಾಗಿದೆ ಎಂಬ ಸೇನೆಯ ಆಂತರಿಕ ವರದಿಯ ಸುದ್ದಿ 2020ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಹಣದ ಮಾತು ಹಾಗಿರಲಿ, ಬ್ಯಾರೆಲ್ಲಿನಲ್ಲೇ ಗುಂಡು ಸಿಡಿದರೆ ಪಕ್ಕದಲ್ಲಿ ನಿಂತವನು ಯಾವ ಒಕ್ಕೂಟಕ್ಕೆ ದೂರು ಕೊಡಬೇಕು? ತಪ್ಪಿಗೆ ಯಾರೂ ಹೊಣೆಯಾಗದ ವ್ಯವಸ್ಥೆಯನ್ನು ಬದಲಿಸಹೊರಟರೆ ಒಳಗಿದ್ದವರು ವಿರೋಧಿಸುವುದು ಸಹಜ. ಅದನ್ನು ನ್ಯಾಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಗುಣಪರೀಕ್ಷಕ

ಸುಬೇದಾರರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಚಿತ್ರ ಪೂರ್ತಿಯಾಗಿಲ್ಲ. ಆ ಲೆಕ್ಕವನ್ನು ಬೋರ್ಡು ಆಗಲೇ ಅಲ್ಲಗಳೆದಿತ್ತು. ಕಾರ್ಖಾನೆಯಿಂದ ಹೊರಬೀಳುವ ಮದ್ದುಗುಂಡಿನ ಪ್ರತಿಯೊಂದು ಲಾಟನ್ನೂ ಅಂತಿಮವಾಗಿ ಪರೀಕ್ಷಿಸಿ ಮುದ್ರೆ ಹಾಕುತ್ತಿದ್ದುದು ಕಾರ್ಖಾನೆಯ ಅಧೀನದಲ್ಲಿಲ್ಲದ ಡಿಜಿಕ್ಯುಎ, ಅಂದರೆ ರಕ್ಷಣಾ ಸಚಿವಾಲಯದ ಗುಣಮಟ್ಟ ತಪಾಸಣಾ ಸಂಸ್ಥೆ. ಆಮೇಲೆ ಅದು ಡಿಪೋದಲ್ಲಿ ವರ್ಷಗಟ್ಟಲೆ ಇರುತ್ತದೆ. ವಿನ್ಯಾಸದ್ದೋ, ಕಚ್ಚಾಮಾಲಿನದೋ, ದಾಸ್ತಾನಿನದೋ, ತೋಪಿನದ್ದೋ ಎಂದು ಪತ್ತೆ ಹಚ್ಚದೆ ತಪ್ಪನ್ನೆಲ್ಲ ಕಾರ್ಮಿಕನ ತಲೆಗೆ ಕಟ್ಟಲಾಗದು. ಒಪ್ಪಿಕೊಂಡರೂ ಪ್ರಶ್ನೆ ಉಳಿಯುತ್ತದೆ: ಗುಣಮಟ್ಟಕ್ಕೂ ನೌಕರನ ಸೇವಾ ಷರತ್ತಿಗೂ ಏನು ಸಂಬಂಧ? ತಪಾಸಣೆ ಬಿಗಿ ಮಾಡಲು ಕಂಪನಿ ಕಾಯ್ದೆ ಬೇಕಿರಲಿಲ್ಲ.

ಸಂದೇಹಿ

ಸಂಬಂಧ ಇದೆ. ತಪ್ಪು ಮಾಡಿದವನನ್ನು ತೆಗೆಯಲಾಗದಿದ್ದರೆ ತಪಾಸಣೆಯಿಂದ ಏನು ಪ್ರಯೋಜನ?

ಸೇವಾನಿಯಮ

ಸಂದೇಹಿಯವರು ಬಹಳ ಜನ ನಂಬಿರುವ ಮಾತನ್ನೇ ಹೇಳಿದ್ದಾರೆ. ವಾಸ್ತವದಲ್ಲಿ ರಕ್ಷಣಾ ಇಲಾಖೆಯ ನಾಗರಿಕ ನೌಕರರಿಗೆ ಸಂವಿಧಾನದ 311ನೇ ವಿಧಿಯ ಕವಚವೇ ಇಲ್ಲ. ಅಂಚೆ ಇಲಾಖೆಯ ಗುಮಾಸ್ತನನ್ನು ವಿಚಾರಣೆಯಿಲ್ಲದೆ ವಜಾ ಮಾಡಿದರೆ ಅವನು ಆ ವಿಧಿಯ ಮೊರೆ ಹೋಗಬಹುದು. ರಕ್ಷಣಾ ಬಾಬತ್ತಿನಿಂದ ಸಂಬಳ ಪಡೆಯುವವನಿಗೆ ಅದು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 1971ರಷ್ಟು ಹಿಂದೆಯೇ ಹೇಳಿದೆ. ಅವರಿಗೆ ಇದ್ದ ಆಸರೆ ಎಂದರೆ 1965ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳು, ಸರ್ಕಾರ ಮತ್ತು ನೌಕರರ ಸಂಘಗಳು ಕೂತು ಮಾತಾಡಲೆಂದು 1966ರಲ್ಲಿ ಆರಂಭವಾದ ಜಂಟಿ ಸಮಾಲೋಚನಾ ವ್ಯವಸ್ಥೆ ಮತ್ತು ಸಂಘದ ಬಲ. ಸಂವಿಧಾನದ ಆಸರೆ ಮೊದಲೇ ಇಲ್ಲದವರಿಗೆ ಈ ಮೂರರಲ್ಲಿ ಒಂದು ಅಲುಗಿದರೂ ಭಯವಾಗುವುದು ಸಹಜ.

ಇನ್ನು ಸರ್ಕಾರ ಈ ಬದಲಾವಣೆ ತಂದ ರೀತಿಯನ್ನು ನೋಡಿ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಇದನ್ನು ಘೋಷಿಸಿದ್ದು 2020ರ ಮೇ 16ರಂದು, ಲಾಕ್‌ಡೌನ್ ನಡುವೆ. ಒಕ್ಕೂಟಗಳು ಅದೇ ವರ್ಷ ಅಕ್ಟೋಬರ್ 12ರಿಂದ ಮುಷ್ಕರ ಹೂಡಲು ನಿರ್ಧರಿಸಿ, ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ನಡೆದ ಸಂಧಾನದ ನಂತರ ಮುಂದೂಡಿದವು. 2021ರ ಜೂನ್ 16ರಂದು ಸಂಪುಟ ಒಪ್ಪಿಗೆ ಕೊಟ್ಟಿತು. ಒಕ್ಕೂಟಗಳು ಜುಲೈ 26ರಿಂದ ಮುಷ್ಕರ ಎಂದವು. ಜೂನ್ 30ಕ್ಕೆ ಅಗತ್ಯ ರಕ್ಷಣಾ ಸೇವೆಗಳ ಸುಗ್ರೀವಾಜ್ಞೆ ಬಂತು. ಆಗಸ್ಟಿನಲ್ಲಿ ಅದು ಕಾಯ್ದೆಯಾಯಿತು. ಮುಷ್ಕರದಲ್ಲಿ ಭಾಗವಹಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ₹10,000ದವರೆಗೆ ದಂಡ ಅಥವಾ ಎರಡೂ; ಪ್ರಚೋದಿಸಿದರೆ ಎರಡು ವರ್ಷ, ₹15,000. ಒಟ್ಟಾಗಿ ಸಾಂದರ್ಭಿಕ ರಜೆ ಹಾಕುವುದನ್ನೂ, ಅಗತ್ಯವಿರುವ ಓವರ್‌ಟೈಮ್ ಮಾಡಲು ನಿರಾಕರಿಸುವುದನ್ನೂ ಅದರಲ್ಲಿ ‘ಮುಷ್ಕರ’ದ ವ್ಯಾಖ್ಯೆಗೆ ಸೇರಿಸಿದ್ದರು.

ಸಂದೇಹಿ

ಮುಷ್ಕರ ಹೂಡುವುದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ. ಅದೂ ಗಡಿಯಲ್ಲಿ ಚೀನಾ ಜೊತೆ ತಿಕ್ಕಾಟ ನಡೆಯುತ್ತಿದ್ದ ಕಾಲ.

ಸೇವಾನಿಯಮ

ಮೂಲಭೂತ ಹಕ್ಕಲ್ಲ, ಸರಿ. ಆದರೆ 1947ರ ಕೈಗಾರಿಕಾ ವಿವಾದ ಕಾಯ್ದೆ ಅದನ್ನು ಶಾಸನಬದ್ಧ ಹಕ್ಕಾಗಿ ಒಪ್ಪಿತ್ತು. ನೋಟಿಸ್ ಕೊಡಬೇಕು, ಸಂಧಾನ ನಡೆಯುವಾಗ ಕಾಯಬೇಕು ಎಂಬ ಷರತ್ತುಗಳನ್ನು ಒಕ್ಕೂಟಗಳು ಪಾಲಿಸಿದ್ದವು ಕೂಡ. ಆ ಕಾಯ್ದೆಗೆ ಒಂದೇ ವರ್ಷದ ಆಯುಷ್ಯವನ್ನು ನಿಗದಿ ಮಾಡಿದ್ದನ್ನು ಗಮನಿಸಿ. ಗಡಿಯ ತಿಕ್ಕಾಟ ಒಂದು ವರ್ಷಕ್ಕೆ ಮುಗಿಯುತ್ತದೆಂದು ಯಾರೂ ಭಾವಿಸಿರಲಿಲ್ಲ. ಬೋರ್ಡನ್ನು ಒಡೆದು ಕಂಪನಿ ಮಾಡಲು ಅಷ್ಟು ಕಾಲ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ.

ದೂರವಾಣಿ_ನಿವೃತ್ತೆ

ಧಾರವಾಡದ ರಾಯರೇ, ಸಂಬಳ ಕಡಿತವಾಗಿಲ್ಲವಲ್ಲ ಎಂದು ಕೇಳಿದ್ದೀರಿ. ನಮ್ಮ ಇಲಾಖೆಯನ್ನು ಬಿಎಸ್‌ಎನ್‌ಎಲ್ ಮಾಡಿದ್ದೂ ಅಕ್ಟೋಬರ್ 1ರಂದೇ, 2000ನೇ ಇಸವಿಯಲ್ಲಿ. ನಮಗೂ ಆಗ ಯಾವ ಕಡಿತವೂ ಆಗಲಿಲ್ಲ. ಪಿಂಚಣಿ ನಿಯಮಕ್ಕೆ 37ಎ ಎಂಬ ಹೊಸ ಕಲಮು ಸೇರಿಸಿ ಸರ್ಕಾರಿ ಪಿಂಚಣಿಯ ಭರವಸೆಯನ್ನೂ ಕೊಟ್ಟರು. ಅದು ಮುಷ್ಕರ ಹೂಡಿ ಪಡೆದದ್ದು ಎಂಬುದನ್ನು ಈಗಿನವರು ಮರೆತಿದ್ದಾರೆ. ಮೊದಲ ಕೆಲವು ವರ್ಷ ಕಂಪನಿಯ ಕೈಯಲ್ಲಿ ಹಣ ಆಡುತ್ತಿತ್ತು, ನಮ್ಮ ವೇತನ ಕೇಂದ್ರ ಸರ್ಕಾರದಲ್ಲೇ ಉಳಿದ ಗೆಳತಿಯರಿಗಿಂತ ಮುಂದಿತ್ತು. ಆಯ್ಕೆಪತ್ರಕ್ಕೆ ಸಹಿ ಹಾಕಿದ್ದು ಒಳ್ಳೆಯದಾಯಿತು ಎಂದು ನಾವೆಲ್ಲ ಬೀಗಿದ್ದೆವು.

ಪೆಟ್ಟು ಬಿದ್ದದ್ದು ಆಮೇಲೆ. ಕೇಂದ್ರ ನೌಕರರಿಗೆ 2016ರ ಜನವರಿಯಿಂದ ಏಳನೇ ವೇತನ ಆಯೋಗ ಬಂತು. ನಮ್ಮಲ್ಲಿ 2017ರಲ್ಲಿ ಆಗಬೇಕಿದ್ದ ಪರಿಷ್ಕರಣೆ ಕಂಪನಿ ನಷ್ಟದಲ್ಲಿದೆ ಎಂಬ ಕಾರಣಕ್ಕೆ ವರ್ಷಗಟ್ಟಲೆ ನನೆಗುದಿಗೆ ಬಿತ್ತು. 4ಜಿ ತರಂಗಾಂತರ ಕೊಡದವರು ಯಾರು, ನಷ್ಟದ ಹೊಣೆ ಹೊತ್ತವರು ಯಾರು? 2019ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ 78,000ಕ್ಕೂ ಹೆಚ್ಚು ಜನ ಹೊರಬಂದರು, ನಾನೂ ಅವರಲ್ಲಿ ಒಬ್ಬಳು. ಬೇಕೆಂದೇ ಬಂದೆ, ದೂರು ಹೇಳುತ್ತಿಲ್ಲ. ಆದರೆ ‘ಈಗ ಏನೂ ಕಡಿತವಾಗಿಲ್ಲ’ ಎಂಬುದನ್ನು ಮೊದಲ ಹತ್ತು ವರ್ಷದಲ್ಲಿ ಅಳೆಯಲು ಬರುವುದಿಲ್ಲ.

ಲೆಕ್ಕಪತ್ರ

ಮೇಡಂ ಹೇಳಿದ್ದರಲ್ಲಿ ತಿರುಳಿದೆ. ಅದನ್ನೇ ನಿಯಮದ ಭಾಷೆಯಲ್ಲಿ ಇಡುತ್ತೇನೆ. ಕೇಂದ್ರ ಸರ್ಕಾರಿ ನೌಕರನಿಗೆ ವೇತನ ಆಯೋಗ ಅನ್ವಯಿಸುವಾಗ ಅವನ ಇಲಾಖೆ ಲಾಭ ಮಾಡಿತೇ ಎಂದು ಯಾರೂ ಕೇಳುವುದಿಲ್ಲ. ಸಾರ್ವಜನಿಕ ವಲಯದ ಕಂಪನಿಯ ನೌಕರನಿಗೆ ಕೇಳುತ್ತಾರೆ. 2017ರ ವೇತನ ಪರಿಷ್ಕರಣೆಯ ಮಾರ್ಗಸೂಚಿಯಲ್ಲಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭವನ್ನು ನೋಡಿ, ಕಂಪನಿಗೆ ಭರಿಸುವ ಶಕ್ತಿ ಇದೆಯೇ ಎಂದು ತೀರ್ಮಾನಿಸುವ ಷರತ್ತು ಇತ್ತು.

ಈಗ ಏಳು ಕಂಪನಿಗಳನ್ನು ನೋಡಿ. ಮ್ಯೂನಿಷನ್ಸ್ ಇಂಡಿಯಾಗೆ 12 ಕಾರ್ಖಾನೆಗಳು, ಮದ್ದುಗುಂಡಿಗೆ ದೇಶದಲ್ಲೂ ಹೊರಗೂ ಬೇಡಿಕೆ. ಕಾನ್ಪುರದ ಗ್ಲೈಡರ್ಸ್ ಇಂಡಿಯಾ ಎಂದರೆ ಒಂದೇ ಒಂದು ಪ್ಯಾರಾಚೂಟ್ ಕಾರ್ಖಾನೆ. ಟ್ರೂಪ್ ಕಂಫರ್ಟ್ಸ್‌ನ ನಾಲ್ಕು ಕಾರ್ಖಾನೆಗಳು ಸಮವಸ್ತ್ರ, ಬೂಟು, ಡೇರೆ ತಯಾರಿಸುತ್ತವೆ, ಅವನ್ನು ಖಾಸಗಿಯವರೂ ಕೊಡಬಲ್ಲರು. ಹಿಂದೆ 41 ಕಾರ್ಖಾನೆಗಳ ನೌಕರರಿಗೆ ಒಂದೇ ವೇತನ ಶ್ರೇಣಿ, ಒಂದೇ ಬಡ್ತಿ ನಿಯಮ ಇದ್ದವು. ಇನ್ನು ಮುಂದೆ ಒಂದೇ ದಿನ ಕೆಲಸಕ್ಕೆ ಸೇರಿದ ಒಬ್ಬ ದರ್ಜಿ ಮತ್ತು ಒಬ್ಬ ಮೆಷಿನಿಸ್ಟ್, ತಮ್ಮ ಕೈವಾಡವಿಲ್ಲದ ಆರ್ಡರ್ ಪುಸ್ತಕದಿಂದಾಗಿ, ಬೇರೆ ಬೇರೆ ಮಟ್ಟದಲ್ಲಿ ನಿವೃತ್ತರಾಗಬಹುದು. ಆ ಆರ್ಡರ್ ಕೊಡುವುದೂ ಬಿಡುವುದೂ ಯಾರು? ರಕ್ಷಣಾ ಸಚಿವಾಲಯ. ಕಂಪನಿಯ ಮಾಲೀಕರೂ ಅವರೇ. ಮಾಲೀಕನೇ ಏಕೈಕ ದೊಡ್ಡ ಗಿರಾಕಿಯಾಗಿರುವ ಕಡೆ ‘ಲಾಭಕ್ಕೆ ತಕ್ಕ ವೇತನ’ ಎಂಬ ತತ್ತ್ವ ನೌಕರನ ಶ್ರಮವನ್ನು ಅಳೆಯುವುದಿಲ್ಲ. ಒಕ್ಕೂಟಗಳ ವಾದದಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಇದೊಂದೇ. ಉಳಿದವುಗಳಲ್ಲಿ ಸ್ವಲ್ಪ ಘೋಷಣೆಯೂ ಬೆರೆತಿದೆ.

ಆಡಳಿತ_ಸುಧಾರಕ

ಲೆಕ್ಕಪತ್ರ ಅವರೇ, ಇನ್ನೊಂದು ಪಕ್ಕದ ಲೆಕ್ಕವನ್ನೂ ಬರೆಯಬೇಕು. ನಿಗಮೀಕರಣದ, ಅಂದರೆ ಇಲಾಖೆಯನ್ನು ಕಂಪನಿ ಮಾಡುವ, ಸಲಹೆ 2020ರಲ್ಲಿ ಆಕಾಶದಿಂದ ಉದುರಿದ್ದಲ್ಲ. ಟಿ.ಕೆ.ಎ. ನಾಯರ್, ವಿಜಯ್ ಕೇಳ್ಕರ್, ರಮಣ್ ಪುರಿ, ಶೇಕಟ್ಕರ್ ಸಮಿತಿಗಳು ಎರಡು ದಶಕಗಳಲ್ಲಿ ಈ ಬೋರ್ಡಿನ ಪುನರ್ರಚನೆಯನ್ನು ಒಂದಲ್ಲ ಒಂದು ರೂಪದಲ್ಲಿ ಹೇಳಿದ್ದವು. ಇಲಾಖೆಯ ಅಂಗವಾಗಿದ್ದ ಕಾರ್ಖಾನೆಗೆ ತನ್ನದೇ ಲಾಭನಷ್ಟದ ಲೆಕ್ಕವಿರಲಿಲ್ಲ, ಸಾಲ ಪಡೆಯುವ ಅಧಿಕಾರವಿರಲಿಲ್ಲ, ವಿದೇಶಿ ಪಾಲುದಾರನೊಡನೆ ಒಪ್ಪಂದ ಮಾಡಿಕೊಳ್ಳುವುದೂ ಸುಲಭವಿರಲಿಲ್ಲ. ಕಂಪನಿಗಳಾದ ಮೊದಲ ಆರು ತಿಂಗಳಲ್ಲೇ, ಯಂತ್ರ ಇಂಡಿಯಾ ಒಂದನ್ನು ಬಿಟ್ಟು, ಉಳಿದ ಆರೂ ತಾತ್ಕಾಲಿಕ ಲಾಭ ತೋರಿಸಿದವೆಂದು 2022ರ ಏಪ್ರಿಲಿನಲ್ಲಿ ಸಚಿವಾಲಯ ಪ್ರಕಟಿಸಿತು. ₹500 ಕೋಟಿಯ ಮದ್ದುಗುಂಡು ರಫ್ತಿನ ಆರ್ಡರೂ ಬಂದಿತ್ತು.

ಲೆಕ್ಕಪತ್ರ

ಆ ಲಾಭದ ಹಿಂದೆ ಹಳೆಯ ಬೋರ್ಡಿನ ಕಾಲದ ಸುಮಾರು ₹65,000 ಕೋಟಿಯ ಬೇಡಿಕೆಗಳನ್ನು ಹೊಸ ಕಂಪನಿಗಳ ಹೆಸರಿಗೆ ಕರಾರುಗಳಾಗಿ ಮಾಡಿಕೊಟ್ಟದ್ದಿದೆ, ಮುಂಗಡವೂ ಇದೆ. ಆರು ತಿಂಗಳ ಲಾಭದಲ್ಲಿ ಹೊಸ ಆಡಳಿತದ ದಕ್ಷತೆ ಎಷ್ಟು, ಹಳೆಯ ಆರ್ಡರಿನ ಪಾಲು ಎಷ್ಟು ಎಂದು ಬೇರ್ಪಡಿಸದೆ ಬೆನ್ನು ತಟ್ಟಿಕೊಳ್ಳಬಾರದು. ರಫ್ತಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ.

ಕೆಜಿಎಫ್_ಮಿತ್ರ

ಕರ್ನಾಟಕದಲ್ಲಿ ಆ 41ರಲ್ಲಿ ಒಂದೂ ಇಲ್ಲವಾದ್ದರಿಂದ ಇಲ್ಲಿ ಈ ಸುದ್ದಿ ಅಷ್ಟಾಗಿ ಸದ್ದು ಮಾಡಲಿಲ್ಲ. ಆದರೆ ಕಂಪನಿಯ ಮೆಟ್ಟಿಲು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಲು ನಮ್ಮ ಊರಿಗೆ ಬನ್ನಿ. ಭಾರೀ ಯಂತ್ರ, ವಾಹನ ತಯಾರಿಸುವ ಬೆಮೆಲ್ 1964ರಿಂದ ಸರ್ಕಾರಿ ಕಂಪನಿ. 2021ರ ಜನವರಿಯಲ್ಲಿ ಅದರ ಶೇ. 26ರಷ್ಟು ಷೇರನ್ನು ಆಡಳಿತದ ಹಿಡಿತದ ಸಮೇತ ಮಾರಲು ಆಸಕ್ತರನ್ನು ಆಹ್ವಾನಿಸಿದರು. ಕೆಜಿಎಫ್, ಬೆಂಗಳೂರು, ಮೈಸೂರು, ಪಾಲಕ್ಕಾಡಿನ ಕಾರ್ಮಿಕರು ಬೀದಿಗಿಳಿದರು. ಇಲಾಖೆಯನ್ನು ಹರಾಜು ಹಾಕಲಾಗದು; ಷೇರು ಬಂಡವಾಳವಾದ ಮರುದಿನದಿಂದ ಅದು ಮಾರಬಹುದಾದ ವಸ್ತು. ಏಳು ಕಂಪನಿಗಳೂ ನೂರಕ್ಕೆ ನೂರು ಸರ್ಕಾರದ್ದೇ ಎನ್ನುತ್ತಾರೆ. ಎಚ್‌ಎಎಲ್ ಕೂಡ ಹಾಗೆಯೇ ಇತ್ತು, 2018ರ ಮಾರ್ಚಿನಲ್ಲಿ ಷೇರುಪೇಟೆಗೆ ಬಂತು.

ಸಂದೇಹಿ

ಎಚ್‌ಎಎಲ್ ಷೇರುಪೇಟೆಗೆ ಬಂದು ಹಾಳಾಗಿ ಹೋಯಿತೇ? ಅಲ್ಲಿನ ನೌಕರರು ಇಂದು ಹೆಮ್ಮೆಯಿಂದ ಓಡಾಡುತ್ತಿದ್ದಾರೆ. ಎಲ್ಲ ಕಂಪನಿಗಳ ಕಥೆಯನ್ನೂ ಬಿಎಸ್‌ಎನ್‌ಎಲ್ ಅಚ್ಚಿನಲ್ಲೇ ಹೊಯ್ಯಬೇಡಿ.

ಕೆಜಿಎಫ್_ಮಿತ್ರ

ಹಾಳಾಯಿತು ಎಂದು ನಾನು ಬರೆದಿಲ್ಲ. ಅದೇ ಎಚ್‌ಎಎಲ್‌ನ ಕಾರ್ಮಿಕರು 2019ರ ಅಕ್ಟೋಬರಿನಲ್ಲಿ ವೇತನ ಪರಿಷ್ಕರಣೆಗಾಗಿ ಅನಿರ್ದಿಷ್ಟಾವಧಿ ಮುಷ್ಕರ ಹೂಡಿದ್ದರು ಎಂಬುದನ್ನು ಸೇರಿಸಿಕೊಳ್ಳಿ. ತುಂಬಿದ ಆರ್ಡರ್ ಪುಸ್ತಕ ಇದ್ದಾಗಲೂ ಹಂಚಿಕೆಯ ಜಗಳ ತಪ್ಪಲಿಲ್ಲ.

ಮೇರಿಲ್ಯಾಂಡ್_ಕನ್ನಡಿಗ

ಇದೇ ಬಗೆಯ ಜಗಳ ಅಮೆರಿಕದಲ್ಲಿ ಬೇರೆ ರೂಪದಲ್ಲಿ ನಡೆದು ಒಂದು ಸುತ್ತು ಮುಗಿದಿದೆ. ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಅವರ ಕಾಲದಲ್ಲಿ, 2003ರ ನವೆಂಬರಿನಲ್ಲಿ, ‘ನ್ಯಾಷನಲ್ ಸೆಕ್ಯುರಿಟಿ ಪರ್ಸನೆಲ್ ಸಿಸ್ಟಮ್’ ಎಂಬ ಹೊಸ ಸಿಬ್ಬಂದಿ ವ್ಯವಸ್ಥೆಗೆ ಶಾಸನ ಬಂತು. ಸೇವಾ ಹಿರಿತನಕ್ಕೆ ತಕ್ಕಂತೆ ಮೆಟ್ಟಿಲು ಏರುವ 15 ದರ್ಜೆಗಳ ಪದ್ಧತಿಯ ಬದಲು ಅಗಲವಾದ ವೇತನ ಪಟ್ಟಿಗಳು, ಸಾಧನೆಯ ಅಂಕಕ್ಕೆ ತಕ್ಕ ಹೆಚ್ಚಳ, ಸಂಘಗಳ ಜೊತೆಗಿನ ಚೌಕಾಸಿಗೆ ಕತ್ತರಿ ಎಂಬುದು ಅದರ ಸಾರಾಂಶ. ಹಲವು ಸಂಘಗಳು ಕೂಡಿ ಕೋರ್ಟಿಗೆ ಹೋದವು. 2006ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಎಮೆಟ್ ಸಲಿವನ್ ಸಂಘಗಳ ಪರ ತೀರ್ಪು ಕೊಟ್ಟರು. 2007ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಕೋರ್ಟಿನಲ್ಲಿ ಸೋತವರು ಸಂಸತ್ತಿನಲ್ಲಿ ಗೆದ್ದರು. 2008ರ ರಕ್ಷಣಾ ಶಾಸನ ಚೌಕಾಸಿಯ ಹಕ್ಕನ್ನು ಮರಳಿಸಿ, ಕೈಕೆಲಸದ ಕಾರ್ಮಿಕರನ್ನು ಆ ವ್ಯವಸ್ಥೆಯಿಂದ ಹೊರಗಿಟ್ಟಿತು. 2009ರ ಅಕ್ಟೋಬರಿನಲ್ಲಿ ಒಬಾಮ ಸಹಿಯೊಂದಿಗೆ ಇಡೀ ವ್ಯವಸ್ಥೆಯೇ ರದ್ದಾಯಿತು. ಆ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಅದರೊಳಗಿದ್ದರು, ಅವರನ್ನೆಲ್ಲ ಹಳೆಯ ದರ್ಜೆಗಳಿಗೆ ಮರಳಿಸಲು 2012ರ ಜನವರಿಯವರೆಗೆ ಗಡುವು ಕೊಟ್ಟರು.

ನನ್ನ ನೆರೆಯವರೊಬ್ಬರು ಆ ಪದ್ಧತಿಯಲ್ಲಿ ಕೆಲಸ ಮಾಡಿದವರು. ಮೇಲಧಿಕಾರಿ ಕೊಟ್ಟ ಅಂಕ ಹೆಚ್ಚಿದ್ದರೂ ವೇತನ ಹೆಚ್ಚಳ ಹಂಚುವ ‘ಪೇ ಪೂಲ್’ ಸಮಿತಿಯಲ್ಲಿ ಅದು ಇಳಿಯುತ್ತಿತ್ತು, ಆ ಸಮಿತಿಯಲ್ಲಿದ್ದವರು ತಮ್ಮ ಕೆಲಸವನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಅವರ ಕೊರಗು.

ಆಡಳಿತ_ಸುಧಾರಕ

ಅಂದರೆ ಸಂಘಗಳು ಬಲವಾಗಿ ನಿಂತರೆ ಸುಧಾರಣೆಯೇ ನಿಲ್ಲುತ್ತದೆ ಎಂದಾಯಿತು.

ಮೇರಿಲ್ಯಾಂಡ್_ಕನ್ನಡಿಗ

ಅಷ್ಟು ಸರಳವಲ್ಲ. ಕಳೆದುಕೊಂಡ ಹಕ್ಕು ಒಮ್ಮೆ ಮರಳಿದರೆ ಶಾಶ್ವತವಾಗಿ ಉಳಿಯುತ್ತದೆ ಎಂದೂ ಇಲ್ಲ. 2025ರ ಮಾರ್ಚ್ 27ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ರಕ್ಷಣಾ ಇಲಾಖೆಯೂ ಸೇರಿ ಹಲವು ಇಲಾಖೆಗಳ ಸಂಘಗಳ ಚೌಕಾಸಿಯ ಹಕ್ಕನ್ನು ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲೇ ತೆಗೆದುಹಾಕಿತು. ಮತ್ತೆ ಕೋರ್ಟು ಕಚೇರಿ. ಇಲ್ಲಿ ಕೇಂದ್ರ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ, ಆದ್ದರಿಂದ ಚೌಕಾಸಿ ಹೋದರೆ ಉಳಿಯುವುದು ಕೋರ್ಟು ಮತ್ತು ಸಂಸತ್ತು ಮಾತ್ರ.

ಮಾಜಿ_ಸುಬೇದಾರ್

ಅಮೆರಿಕದ ಕಥೆ ಸ್ವಾರಸ್ಯವಾಗಿದೆ. ಆದರೂ ಕೇಳುತ್ತೇನೆ: ಸೈನಿಕನಿಗೆ ಸಂಘ ಕಟ್ಟುವ ಹಕ್ಕೂ ಇಲ್ಲ, ಮುಷ್ಕರದ ಹಕ್ಕೂ ಇಲ್ಲ. ಅವನಿಗೆ ಬೇಕಾದ ಗುಂಡು ತಯಾರಿಸುವವನಿಗೆ ಎಲ್ಲವೂ ಏಕೆ ಬೇಕು?

ಧಾರವಾಡ_ನಿವೃತ್ತ

ಸುಬೇದಾರರೇ, ನಿಮ್ಮ ಪ್ರಶ್ನೆಯನ್ನು ತಮ್ಮನಿಗೆ ಓದಿ ಹೇಳಿದೆ. ಈ ಸಲ ಅವನು ಸಿಟ್ಟಾಗಲಿಲ್ಲ. ಅವನು ಕೆಲಸ ಮಾಡುವುದು ‘ಡೇಂಜರ್ ಬಿಲ್ಡಿಂಗ್’ನಲ್ಲಿ. ಬಾಗಿಲ ಮೇಲೆ ಎರಡು ಅಂಕಿಗಳಿವೆ: ಒಳಗೆ ಒಮ್ಮೆಗೆ ಎಷ್ಟು ಜನ ಇರಬಹುದು, ಎಷ್ಟು ಕಿಲೋ ಸ್ಫೋಟಕ ಇರಬಹುದು. ಒಳಹೋಗುವ ಮುನ್ನ ಮೈಯಲ್ಲಿನ ವಿದ್ಯುತ್ ಇಳಿಯಲೆಂದು ಲೋಹದ ಫಲಕವನ್ನು ಮುಟ್ಟಬೇಕು. ‘ಅವಸರ ಮಾಡು ಎಂದಾಗ ಆಗುವುದಿಲ್ಲ ಎನ್ನುವ ಧೈರ್ಯ ನನಗೆ ಸಂಘದಿಂದ ಬಂದಿದೆ’ ಎಂದ. 2025ರ ಜನವರಿಯಲ್ಲಿ ಭಂಡಾರಾದ ಕಾರ್ಖಾನೆಯಲ್ಲಿ ಸ್ಫೋಟವಾಗಿ ಎಂಟು ಜನ ಸತ್ತದ್ದನ್ನೂ ನೆನಪಿಸಿದ.

ಅವನು ಹೇಳಿದ ಇನ್ನೊಂದು ಸಂಗತಿ ನನಗೆ ಹೊಸದು. ಈಗ ಅವನ ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಹುಡುಗ ಕಂಪನಿಯಿಂದ ನಿಗದಿತ ಅವಧಿಗೆ ನೇಮಕವಾದವನು. ಅಪ್ರೆಂಟಿಸ್ ಮುಗಿಸಿ ಬಂದವನು, ಕೆಲಸ ಚೆನ್ನಾಗಿ ಬಲ್ಲ. ಆದರೆ ಮುಂದಿನ ವರ್ಷ ನವೀಕರಣವಾಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಯಾವುದಕ್ಕೂ ಆಗುವುದಿಲ್ಲ ಎನ್ನುವುದಿಲ್ಲವಂತೆ.

ಗುಣಪರೀಕ್ಷಕ

ಹೊಸ ಸಿಬ್ಬಂದಿ ವ್ಯವಸ್ಥೆ ಎಂದರೆ ನಿಜವಾಗಿ ಆ ಹುಡುಗನೇ. ಹಳಬರು ಸರ್ಕಾರಿ ನೌಕರರಾಗಿಯೇ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ, ಹೊಸಬರೆಲ್ಲ ಕರಾರಿನವರು. ಯಾರ ಷರತ್ತನ್ನೂ ಬದಲಿಸದೆಯೇ ಇನ್ನು ಕೆಲವು ವರ್ಷಗಳಲ್ಲಿ ಕಾರ್ಖಾನೆಯ ಷರತ್ತೆಲ್ಲ ಬದಲಾಗಿರುತ್ತದೆ. ಒಕ್ಕೂಟಗಳು ಹಳಬರ ಸ್ಥಾನಮಾನಕ್ಕೆ ಹೋರಾಡಿದಷ್ಟು ಗಟ್ಟಿಯಾಗಿ ಇವರಿಗಾಗಿ ಹೋರಾಡುತ್ತಿಲ್ಲ ಎಂಬ ಅಸಮಾಧಾನ ನನಗಿದೆ.

ಮಾಜಿ_ಸುಬೇದಾರ್

ಆ ಕೆಲಸದ ಅಪಾಯವನ್ನು ನಾನೆಂದೂ ಅಲ್ಲಗಳೆದಿಲ್ಲ. ಸ್ಫೋಟಕ ತುಂಬುವ ಕೈಗೆ ಒಂದೊಂದು ವರ್ಷದ ಕರಾರು ಕೊಡುವುದು ಗುಂಡು ಹಾರಿಸುವವನಿಗೂ ಒಳ್ಳೆಯದಲ್ಲ ಎಂಬುದನ್ನು ಒಪ್ಪುತ್ತೇನೆ. ಬೋರ್ಡು ಹಿಂದಿನಂತೆಯೇ ಇರಬೇಕಿತ್ತು ಎಂಬುದನ್ನು ಮಾತ್ರ ಒಪ್ಪಲಾರೆ.

ಸೇವಾನಿಯಮ

ಧಾರವಾಡದವರಿಗೆ ಒಂದು ವ್ಯಾವಹಾರಿಕ ಮಾತು. 2021ರ ಸೆಪ್ಟೆಂಬರಿನ ಆದೇಶದ ಪ್ರಕಾರ ಕಂಪನಿಗಳು ಮೊದಲು ತಮ್ಮ ಸೇವಾ ನಿಯಮ ರಚಿಸಬೇಕು, ಅವು ಈಗಿರುವುದಕ್ಕಿಂತ ಕೀಳಾಗಿರಬಾರದು, ಆಮೇಲೆ ಆಯ್ಕೆ ಕೇಳಬೇಕು. ಆಯ್ಕೆಪತ್ರ ಬಂದರೆ ನಿಮ್ಮ ತಮ್ಮ ನೋಡಬೇಕಾದದ್ದು ಇಷ್ಟು: ಮುಂದಿನ ವೇತನ ಪರಿಷ್ಕರಣೆಯನ್ನು ಲಾಭಕ್ಕೆ ಕಟ್ಟಿದ್ದಾರೆಯೇ, ಕಂಪನಿ ಮುಚ್ಚಿದರೆ ಅಥವಾ ಮಾರಾಟವಾದರೆ ಸರ್ಕಾರದ ಹೆಚ್ಚುವರಿ ಸಿಬ್ಬಂದಿ ಪಟ್ಟಿಗೆ ಮರಳುವ ಹಾದಿ ಇದೆಯೇ, ಅವನು 2004ರ ಜನವರಿ 1ಕ್ಕೆ ಮುಂಚೆ ಸೇರಿದವನಾದರೆ ಹಳೆಯ ಪಿಂಚಣಿಯ ಬಗ್ಗೆ ಏನು ಬರೆದಿದೆ. ಎಂಟನೇ ವೇತನ ಆಯೋಗಕ್ಕೆ 2025ರ ಜನವರಿಯಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿದೆ, ಕೇಂದ್ರ ನೌಕರನಾಗಿ ಉಳಿದವನಿಗೆ ಅದರ ಫಲ ಸಿಗಬೇಕು. ನಿವೃತ್ತಿಯವರೆಗೂ ಡೆಪ್ಯುಟೇಶನ್ ಮೇಲೆಯೇ ಇರಿಸಿ ಎಂಬ ಬೇಡಿಕೆಗೆ ಒಕ್ಕೂಟಗಳು ಅಂಟಿಕೊಂಡಿರುವುದು ಇದೆಲ್ಲದರಿಂದ.

ಹಲಸೂರು_ವಾಸಿ

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಬೆಂಗಳೂರಿನ 515 ಆರ್ಮಿ ಬೇಸ್ ವರ್ಕ್‌ಶಾಪಿನ ನಿವೃತ್ತರ ಕುಟುಂಬದವನು. ಬೇಸ್ ವರ್ಕ್‌ಶಾಪ್‌ಗಳಲ್ಲಿ ಜಾಗ, ಯಂತ್ರ ಸರ್ಕಾರದ್ದು, ನಡೆಸುವವನು ಗುತ್ತಿಗೆದಾರ ಎಂಬ ಮಾದರಿಯ ಪ್ರಸ್ತಾಪ ಕೆಲವು ವರ್ಷಗಳ ಹಿಂದೆಯೇ ಬಂದು, ಅದನ್ನೂ ಇದೇ ಒಕ್ಕೂಟಗಳು ವಿರೋಧಿಸಿದ್ದವು. ಆದ್ದರಿಂದ ಇದು ಕರ್ನಾಟಕಕ್ಕೆ ಸಂಬಂಧಿಸದ ವಿಷಯವೆಂದು ಯಾರೂ ಬದಿಗಿಡಬೇಡಿ. ಅಲ್ಲಿನ ನಾಗರಿಕ ನೌಕರರಿಗೂ ಸೇವಾನಿಯಮ ಅವರು ಹೇಳಿದ 311ರ ವಿಷಯ ಅನ್ವಯಿಸುತ್ತದೆಯೇ?

ಸೇವಾನಿಯಮ

ರಕ್ಷಣಾ ಬಾಬತ್ತಿನಿಂದ ಸಂಬಳ ಪಡೆಯುವ ನಾಗರಿಕ ನೌಕರರು ಯಾರಿಗೂ 311ರ ಕವಚ ಇಲ್ಲ, ಕಾರವಾರದ ನೌಕಾನೆಲೆಯ ದುರಸ್ತಿ ಯಾರ್ಡಿನವರಿಗೂ ಸೇರಿ.